3.5 ಮತ್ತು 7 ಮೆಗಾಹರ್ಟ್ಸ್ ಡೈಪೋಲ್‌ಗೆ ಟೊರಾಯ್ಡ್ ಬಾಲನ್: ಯಾವ ಕೋರ್, ಎಷ್ಟು ಸುತ್ತು?

ಹೊಸ_ಏರಿಯಲ್
ಎಲ್ಲರಿಗೂ ನಮಸ್ಕಾರ. ಒಂದೇ ಫೀಡ್ ಪಾಯಿಂಟ್‌ನಿಂದ 3.5 ಮತ್ತು 7 ಮೆಗಾಹರ್ಟ್ಸ್‌ಗೆ ಎರಡು ಡೈಪೋಲ್ (ಎರಡು ಕಾಲಿನ ತಂತಿ ಆಂಟೆನಾ) ಇಳಿಬಿಟ್ಟಿದ್ದೇನೆ. 50 ಓಮ್ ಕೋಆಕ್ಸ್, 100 ವಾಟ್ ರಿಗ್ (ರೇಡಿಯೋ). ನಡುವೆ ಈಗಿರುವುದು ಟಿ200-2 ಕೆಂಪು ಉಂಗುರದ ಮೇಲೆ ಜೋಡಿ ಎನಾಮೆಲ್ ತಂತಿಯನ್ನು 12 ಸುತ್ತು ಸುತ್ತಿದ 1:1 ಬಾಲನ್ (ಕೋಆಕ್ಸ್‌ಗೂ ಸಮತೋಲದ ಆಂಟೆನಾಗೂ ನಡುವಿನ ಜೋಡಣೆ). ಕೋಆಕ್ಸ್ ಮೇಲೆ ಕೈಯಿಟ್ಟರೆ ಎಸ್‌ಡಬ್ಲ್ಯೂಆರ್ (ಆಂಟೆನಾ ಹೊಂದಾಣಿಕೆಯ ಅಳತೆ) ಬದಲಾಗುತ್ತದೆ. 3.5ರಲ್ಲಿ ಮೈಕ್ ತುಟಿಗೆ ತಾಗಿದರೆ ಜುಮ್ಮೆನ್ನುತ್ತದೆ. ಸುತ್ತು ಹೆಚ್ಚಿಸಿದರೆ ಸಾಕೇ, ಕೋರನ್ನೇ ಬದಲಿಸಬೇಕೇ? ಕೈಯಲ್ಲಿ ಫೆರೈಟ್ ಉಂಗುರಗಳಾದ ಎಫ್‌ಟಿ240-43 ಒಂದು, ಎಫ್‌ಟಿ240-31 ಒಂದು ಇವೆ (ಕೊನೆಯ ಅಂಕಿ ಮಿಕ್ಸ್, ಅಂದರೆ ವಸ್ತುವಿನ ಬಗೆ). ಆರ್‌ಜಿ-58, ಆರ್‌ಜಿ-400 ಕೋಆಕ್ಸ್ ಎರಡೂ ಒಂದಷ್ಟು ಉದ್ದ ಇವೆ.

ಕಪ್ಪು_ಉಂಗುರ
ಕೋರ್ ಬದಲಿಸಿ. ಸುತ್ತು ಹೆಚ್ಚಿಸಿ ಗೆಲ್ಲುವ ಕೆಲಸ ಇದಲ್ಲ. ಯಾಕೆಂದು ಲೆಕ್ಕ ಹಾಕಿ ನೋಡೋಣ.

ಟಿ200-2 ಕಬ್ಬಿಣದ ಪುಡಿಯ ಕೋರ್, ಪರ್ಮಿಯಬಿಲಿಟಿ (ಕಾಂತಕ್ಷೇತ್ರವನ್ನು ಹಿಡಿಯುವ ಗುಣ) ಬರೀ 10. ಅದರ ಎಎಲ್, ಅಂದರೆ ಇಂಡಕ್ಟೆನ್ಸ್ ಅಂಕ, ಒಂದು ಸುತ್ತಿಗೆ 12 ನ್ಯಾನೋಹೆನ್ರಿ. ಇಂಡಕ್ಟೆನ್ಸ್ ಸುತ್ತಿನ ವರ್ಗಕ್ಕೆ ತಕ್ಕಂತೆ ಏರುತ್ತದೆ, ಹಾಗಾಗಿ 12 ಸುತ್ತಿಗೆ 12 × 144, ಅಂದರೆ 1.73 ಮೈಕ್ರೋಹೆನ್ರಿ. 3.5 ಮೆಗಾಹರ್ಟ್ಸ್‌ನಲ್ಲಿ ಅದರ ರಿಯಾಕ್ಟೆನ್ಸ್ 38 ಓಮ್, 7ರಲ್ಲಿ 76 ಓಮ್. ಕೋಆಕ್ಸ್‌ನ ಹೊರಮೈ ಮೇಲೆ ಹರಿಯುವ ಕರೆಂಟಿಗೆ 38 ಓಮ್ ಒಂದು ತಡೆಯೇ ಅಲ್ಲ. ನಿಮ್ಮ ಫೀಡ್‌ಲೈನ್ ಡೈಪೋಲ್‌ನ ಮೂರನೇ ಕಾಲಾಗಿ ಕೆಲಸ ಮಾಡುತ್ತಿದೆ. ಮೈಕ್ ಜುಮ್ಮೆನ್ನುವುದು, ಕೈಯಿಟ್ಟರೆ ಮುಳ್ಳು ಅಲುಗುವುದು, ಎರಡಕ್ಕೂ ಕಾರಣ ಇದೇ.

ಅದೇ ಕೆಂಪು ಕೋರ್‌ನಲ್ಲಿ 3.5ಕ್ಕೆ 1000 ಓಮ್ ಬರಬೇಕಾದರೆ 62 ಸುತ್ತು ಬೇಕು. ಜೋಡಿ ತಂತಿ ಮೂರು ಮೀಟರಿಗೂ ಹೆಚ್ಚು ಹಿಡಿಯುತ್ತದೆ, ಒಂದೇ ಪದರದಲ್ಲಿ ಕೂರುವುದೂ ಇಲ್ಲ. ಕೆಂಪು ಮತ್ತು ಹಳದಿ ಕೋರ್‌ಗಳು ಟ್ಯೂನ್ಡ್ ಸರ್ಕ್ಯೂಟ್‌ಗೆ, ಲೋ-ಪಾಸ್ ಫಿಲ್ಟರ್‌ಗೆ ಬಹಳ ಒಳ್ಳೆಯವು. ಅಲ್ಲಿ ಬಳಸಿಕೊಳ್ಳಿ.

ಈಗ ಫೆರೈಟ್ ನೋಡಿ. ಎಫ್‌ಟಿ240-43ರ ಎಎಲ್ ಸುಮಾರು 1075 ನ್ಯಾನೋಹೆನ್ರಿ. 12 ಸುತ್ತಿಗೇ 155 ಮೈಕ್ರೋಹೆನ್ರಿ, ನಿಮ್ಮ ಕೆಂಪು ಉಂಗುರದ ಸುಮಾರು 90 ಪಟ್ಟು. ಇದು ಕಡಿಮೆ ಆವರ್ತನದ ಲೆಕ್ಕ. ಮೇಲೆ ಹೋದಂತೆ ಪರ್ಮಿಯಬಿಲಿಟಿ ಇಳಿದು ಲಾಸ್ ಏರುತ್ತದೆ, ಆದರೆ ಒಟ್ಟು ಇಂಪಿಡೆನ್ಸ್ ಕಿಲೋ ಓಮ್‌ಗಳಲ್ಲೇ ಇರುತ್ತದೆ. 43ರ ಪರ್ಮಿಯಬಿಲಿಟಿ 800, 31ರದ್ದು 1500. 3.5 ಮತ್ತು 7 ಎರಡೇ ನಿಮ್ಮ ಬ್ಯಾಂಡ್ ಅಂದರೆ 31 ತೆಗೆದುಕೊಳ್ಳಿ. 7ರಿಂದ ಮೇಲೆ 21, 28ರ ತನಕ ಬೇಕು ಅನ್ನುವವರಿಗೆ 43 ಸರಿ.

ಅಲೆಯುದ್ದ
ಮೇಲಿನದಕ್ಕೆ ಒಂದು ಮಾತು ಸೇರಿಸುತ್ತೇನೆ, ಏಕೆಂದರೆ "ಲಾಸ್" ಅಂದ ಕೂಡಲೇ ಹಲವರು ಬೆಚ್ಚಿ ಲಾಸ್ ಕಡಿಮೆ ಇರುವ 61 ಮಿಕ್ಸ್ ಫೆರೈಟ್ ಕಡೆ ಓಡುತ್ತಾರೆ.

ಈ 1:1 ಬಾಲನ್ ಅಂದರೆ ಕೋಆಕ್ಸ್ ಹೊರಮೈಯ ಕರೆಂಟನ್ನು ತಡೆಯುವ ಚೋಕ್. ಚೋಕ್‌ನಲ್ಲಿ ಲಾಸ್ ಇರುವುದೇ ಒಳ್ಳೆಯದು. ಕೋಆಕ್ಸ್‌ನ ಹೊರಮೈ ತನ್ನ ಉದ್ದಕ್ಕೆ ತಕ್ಕಂತೆ ಒಮ್ಮೆ ಇಂಡಕ್ಟಿವ್, ಒಮ್ಮೆ ಕೆಪಾಸಿಟಿವ್ ಆಗಿ ಕಾಣುತ್ತದೆ. ನಿಮ್ಮ ಚೋಕ್ ಬರೀ ಇಂಡಕ್ಟಿವ್ ಆಗಿದ್ದು ಲೈನ್ ಕೆಪಾಸಿಟಿವ್ ಆಗಿದ್ದರೆ ಎರಡೂ ಒಂದನ್ನೊಂದು ಕಳೆದು ರೆಸೊನೆನ್ಸ್ ಆಗುತ್ತದೆ. ಆಗ ಚೋಕ್ ಹಾಕಿದ ಮೇಲೆ ಕಾಮನ್ ಮೋಡ್ ಕರೆಂಟ್ (ಆ ಹೊರಮೈ ಕರೆಂಟ್) ಇಳಿಯುವ ಬದಲು ಏರುತ್ತದೆ. ರೆಸಿಸ್ಟಿವ್ ಇಂಪಿಡೆನ್ಸ್ ಅನ್ನು ಯಾವ ರಿಯಾಕ್ಟೆನ್ಸೂ ಕಳೆಯಲಾರದು. 31 ಮತ್ತು 43 ಎಚ್‌ಎಫ್‌ನಲ್ಲಿ ಚೋಕ್ ಆಗಿ ಚೆನ್ನಾಗಿ ಕೆಲಸ ಮಾಡುವುದು ಇದರಿಂದಲೇ. 61 ಅಥವಾ ಕೆಂಪು ಕೋರ್ ಹೈ-ಕ್ಯೂ, ಅಂದರೆ ಲಾಸ್ ಕಡಿಮೆ. ನಿಮ್ಮ ಫೀಡ್‌ಲೈನ್ ಉದ್ದ ಅದೃಷ್ಟಕ್ಕೆ ಸರಿಹೊಂದಿದರೆ ಮಾತ್ರ ಅವು ಕೆಲಸ ಮಾಡುತ್ತವೆ.

ಇಲ್ಲಿ ಬಿಸಿಯ ಭಯವೂ ಬೇಡ. 50 ಓಮ್‌ಗೆ 100 ವಾಟ್ ಅಂದರೆ 71 ವೋಲ್ಟ್. ಸಮತೋಲದ ಡೈಪೋಲ್‌ನಲ್ಲಿ ಅದರ ಅರ್ಧ, 35 ವೋಲ್ಟ್, ಚೋಕ್‌ನ ಮೇಲೆ ಬೀಳುತ್ತದೆ. ಚೋಕ್ 3000 ಓಮ್ ಇದ್ದರೆ ಅದರಲ್ಲಿ ಉರಿಯುವುದು 0.4 ವಾಟ್. 500 ಓಮ್ ಇದ್ದರೆ 2.5 ವಾಟ್. ಇಂಪಿಡೆನ್ಸ್ ಹೆಚ್ಚಿದಷ್ಟೂ ಕೋರ್ ತಣ್ಣಗಿರುತ್ತದೆ. ಕೋರ್ ಬಿಸಿಯಾಗುತ್ತಿದೆ ಎಂದು ಸುತ್ತು ಕಡಿಮೆ ಮಾಡುವುದು ತಲೆಕೆಳಗಾದ ಚಿಕಿತ್ಸೆ.

ತಾಮ್ರತಂತಿ
ಹೊಸ_ಏರಿಯಲ್ ಅವರೇ, ಸುತ್ತುವ ಕ್ರಮ ಬರೆಯುತ್ತೇನೆ. ಕೋರ್ ಎಫ್‌ಟಿ240-31, ಕೇಬಲ್ ಆರ್‌ಜಿ-400, 14 ಸುತ್ತು.

ಮೊದಲು ಅಳತೆ. ಕೋರ್‌ನ ಹೊರವ್ಯಾಸ 61 ಮಿಮೀ, ಒಳವ್ಯಾಸ 35.5, ದಪ್ಪ 12.7. 5 ಮಿಮೀ ಕೇಬಲ್ ಸುತ್ತಿದರೆ ಒಂದು ಸುತ್ತಿಗೆ ಏಳರಿಂದ ಏಳೂವರೆ ಸೆಂಟಿಮೀಟರ್ ಹೋಗುತ್ತದೆ. 14 ಸುತ್ತಿಗೆ ಸುಮಾರು 1.05 ಮೀಟರ್, ಎರಡೂ ತುದಿಗೆ 15 ಸೆಂಮೀ ಬಾಲ, ಹಾಗಾಗಿ 1.4 ಮೀಟರ್ ಕತ್ತರಿಸಿ. ಉಳಿದರೆ ಕತ್ತರಿಸಬಹುದು, ಕಡಿಮೆಯಾದರೆ ಮತ್ತೆ ಮೊದಲಿಂದ.

ಕೋರ್‌ನ ಅಂಚನ್ನು ಬೆರಳಿಂದ ಸವರಿ. ಚೂಪಾದ ಕಡೆ ನುಣ್ಣನೆಯ ಮರಳು ಕಾಗದದಲ್ಲಿ ಉಜ್ಜಿ, ಮೇಲೆ ಒಂದು ಪದರ ಗ್ಲಾಸ್ ಟೇಪ್ ಅಥವಾ ಬಿಸಿ ತಡೆಯುವ ಕ್ಯಾಪ್ಟಾನ್ ಟೇಪ್ ಸುತ್ತಿ. ಇಲ್ಲದಿದ್ದರೆ ನಲ್ಲಿಗೆ ಸುತ್ತುವ ಬಿಳಿ ಟೇಪ್ ಆದರೂ ಸಾಕು. ಕೇಬಲ್‌ಗೆ ಹೊರ ಕವಚ ಇರುವುದರಿಂದ ಟೇಪ್ ಕಡ್ಡಾಯವೇನಲ್ಲ. ಎನಾಮೆಲ್ ತಂತಿ ಸುತ್ತುವವರಿಗೆ ಮಾತ್ರ ಕಡ್ಡಾಯ. 31 ಮ್ಯಾಂಗನೀಸ್-ಸತು ಫೆರೈಟ್, ಅದು ಅಲ್ಪಸ್ವಲ್ಪ ವಿದ್ಯುತ್ ಹರಿಸುತ್ತದೆ. ಎನಾಮೆಲ್ ಎರಡು ಕಡೆ ಸುಲಿದರೆ ಕೋರ್ ಮೂಲಕವೇ ಲೀಕ್ ಆಗುತ್ತದೆ.

ಕೇಬಲ್‌ನ ನಡುವಿನಿಂದ ಶುರು ಮಾಡಿ. ಒಂದು ತುದಿಯಿಂದ ಸುತ್ತಲು ಹೊರಟರೆ ಪ್ರತಿ ಸುತ್ತಿಗೂ ಇಡೀ ಉದ್ದವನ್ನು ರಂಧ್ರದಲ್ಲಿ ಎಳೆಯಬೇಕು, ಕೇಬಲ್ ತಿರುಚಿಕೊಳ್ಳುತ್ತದೆ. ನಡುವನ್ನು ರಂಧ್ರದಲ್ಲಿ ಇಟ್ಟು ಜಿಪ್ ಟೈ ಹಾಕಿ, ಅರ್ಧ ಎಡಕ್ಕೆ, ಅರ್ಧ ಬಲಕ್ಕೆ ಒಂದೇ ತಿರುವಿನಲ್ಲಿ ಸುತ್ತುತ್ತಾ ಹೋಗಿ. ಸುತ್ತು ಎಣಿಸುವುದು ರಂಧ್ರದ ಒಳಗಿನಿಂದ: ಕೇಬಲ್ ಎಷ್ಟು ಸಲ ರಂಧ್ರ ಹಾಯ್ದಿದೆಯೋ ಅಷ್ಟು ಸುತ್ತು. ಹೊರಗಿನ ಅಂಚಿನಲ್ಲಿ ಎಣಿಸಿದರೆ ಸಾಮಾನ್ಯವಾಗಿ ಒಂದು ಕಡಿಮೆ ಸಿಗುತ್ತದೆ.

ಒಳಗೋಡೆಯಲ್ಲಿ ಕೇಬಲ್‌ಗಳು ಪಕ್ಕಪಕ್ಕ ಮುಟ್ಟಿಕೊಂಡರೆ ಪರವಾಗಿಲ್ಲ. ಹೊರಗಡೆ ಬೀಸಣಿಗೆಯ ಕಡ್ಡಿಗಳ ಹಾಗೆ ಸಮನಾಗಿ ಬಿಡಿಸಿ. 5 ಮಿಮೀ ಕೇಬಲ್ ಒಂದೇ ಪದರದಲ್ಲಿ ಒಳಗೆ 19 ಸುತ್ತು ಹಿಡಿಯುತ್ತದೆ. 14 ಸುತ್ತಿಗೆ 70 ಮಿಮೀ ಹೋಗಿ ಮೊದಲ ಮತ್ತು ಕೊನೆಯ ಸುತ್ತಿನ ನಡುವೆ ಸುಮಾರು 25 ಮಿಮೀ ಖಾಲಿ ಉಳಿಯಬೇಕು. ಆ ಜಾಗ ಉಳಿಸಿಕೊಳ್ಳುವುದು ಮುಖ್ಯ. ಒಳಬರುವ ತುದಿ, ಹೊರಹೋಗುವ ತುದಿ ಹತ್ತಿರ ಬಂದರೆ ಅವುಗಳ ನಡುವಿನ ಕೆಪಾಸಿಟೆನ್ಸ್ ಮೇಲಿನ ಬ್ಯಾಂಡ್‌ಗಳಲ್ಲಿ ಆರ್‌ಎಫ್‌ಗೆ (ರೇಡಿಯೋ ಕರೆಂಟಿಗೆ) ಚೋಕ್ ಅನ್ನು ತಪ್ಪಿಸಿ ಹೋಗುವ ಅಡ್ಡದಾರಿ ಮಾಡಿಕೊಡುತ್ತದೆ. ಒಂದರ ಮೇಲೊಂದು ಪದರ ಸುತ್ತುವುದಂತೂ ಬೇಡವೇ ಬೇಡ.

ಆರ್‌ಜಿ-58 ಬಳಸುವುದಾದರೆ ಒಳಗೆ ಗಟ್ಟಿ ಪಾಲಿಥೀನ್ ಇರುವುದನ್ನೇ ಬಳಸಿ. ಫೋಮ್ ತುಂಬಿದ ಕೇಬಲ್‌ಅನ್ನು ಇಷ್ಟು ಬಿಗಿಯಾಗಿ ಬಗ್ಗಿಸಿದರೆ ನಡುತಂತಿ ಕಾಲಕ್ರಮೇಣ ಫೋಮನ್ನು ಸೀಳಿಕೊಂಡು ಹೆಣಿಗೆಯ (ಹೊರಗಿನ ತಾಮ್ರದ ಬ್ರೇಡ್) ಕಡೆ ಸರಿಯುತ್ತದೆ, ಬಿಸಿಲಿಗೆ ಇನ್ನೂ ಬೇಗ. ಒಂದು ದಿನ ಶಾರ್ಟ್. ಆರ್‌ಜಿ-400ರ ಟೆಫ್ಲಾನ್‌ಗೆ ಆ ಚಿಂತೆ ಇಲ್ಲ.

ಬೆಸುಗೆ_ಕಡ್ಡಿ
ಅರ್ಧ ಸುತ್ತಿ, ಕೋರ್ ಅಡ್ಡ ದಾಟಿಸಿ ಉಳಿದರ್ಧ ಸುತ್ತುವ ಕ್ರಾಸ್‌ಓವರ್ ವಿಧಾನ ಯಾರೂ ಹೇಳಲಿಲ್ಲವಲ್ಲ? ಜೋ ರೈಸರ್ಟ್ 1978ರಲ್ಲಿ ಬರೆದದ್ದು. ಒಳಬರುವ ತುದಿ ಒಂದು ಕಡೆ, ಹೊರಹೋಗುವ ತುದಿ ಎದುರು ಕಡೆ ಬರುತ್ತದೆ. ಕೆಪಾಸಿಟೆನ್ಸ್ ಸಮಸ್ಯೆ ಅಲ್ಲಿಗೇ ಮುಗಿಯಿತು. ನಾನು ಎಲ್ಲರಿಗೂ ಅದನ್ನೇ ಹೇಳುವುದು.

ಅಲೆಯುದ್ದ
ಡಬ್ಬಿಯೊಳಗೆ ಕೂರಿಸಲು ಅದು ಅನುಕೂಲ, ಒಪ್ಪುತ್ತೇನೆ. ಮೇಲೆ ಎಸ್‌ಒ-239 ಕೋಆಕ್ಸ್ ಸಾಕೆಟ್, ಕೆಳಗೆ ಬೋಲ್ಟ್, ನೇರವಾಗಿ ಬರುತ್ತದೆ. ಆದರೆ ಕೆಪಾಸಿಟೆನ್ಸ್ ಮುಗಿಯಿತು ಅನ್ನುವುದನ್ನು ಒಪ್ಪಲಾರೆ. ಪಕ್ಕಪಕ್ಕದ ಸುತ್ತುಗಳ ನಡುವಿನದು ಹಾಗೇ ಉಳಿಯುತ್ತದೆ, ತುದಿಗಳದ್ದು ಮಾತ್ರ ಸ್ವಲ್ಪ ತಗ್ಗುತ್ತದೆ. 25 ಮಿಮೀ ಅಂತರ ಬಿಟ್ಟು ಸಾದಾ ಸುತ್ತಿದ್ದಕ್ಕೂ ಕ್ರಾಸ್‌ಓವರ್‌ಗೂ ಅಳತೆಯಲ್ಲಿ ಕಾಣುವ ವ್ಯತ್ಯಾಸ ಬಹಳ ಸಣ್ಣದು.

ಇದಕ್ಕಿಂತ ಮುಖ್ಯವಾಗಿ, ಕ್ರಾಸ್‌ಓವರ್‌ನಲ್ಲಿ ತಪ್ಪು ಆಗುವ ಜಾಗ ಒಂದಿದೆ. ದಾಟಿದ ಮೇಲೆ ಕೇಬಲ್ ರಂಧ್ರವನ್ನು ಯಾವ ಮುಖದಿಂದ ಹೊಕ್ಕಬೇಕು ಎಂಬುದು. ಮೊದಲ ಅರ್ಧದಲ್ಲಿ ಮೇಲಿನಿಂದ ಕೆಳಕ್ಕೆ ಹೊಕ್ಕಿದ್ದರೆ ಎರಡನೇ ಅರ್ಧದಲ್ಲೂ ಮೇಲಿನಿಂದ ಕೆಳಕ್ಕೇ ಹೊಕ್ಕಬೇಕು. ಕೋರ್ ಮೇಲೆ ಮುಂದುವರಿಯುವ ದಿಕ್ಕಷ್ಟೇ ಬದಲಾಗುವುದು. ಉಲ್ಟಾ ಹೊಕ್ಕರೆ ಎರಡು ಅರ್ಧಗಳ ಫ್ಲಕ್ಸ್ ಒಂದನ್ನೊಂದು ಅಳಿಸಿ, ನೋಡಲು ಅಂದವಾಗಿದ್ದೂ ಕೆಲಸಕ್ಕೆ ಬಾರದ ಚೋಕ್ ಸಿಗುತ್ತದೆ. ಎಸ್‌ಡಬ್ಲ್ಯೂಆರ್ ಮೀಟರ್ ಇದನ್ನು ಹಿಡಿಯುವುದಿಲ್ಲ, ಏಕೆಂದರೆ ಕೋಆಕ್ಸ್ ಒಳಗಿನ ಸಿಗ್ನಲ್‌ಗೆ ಏನೂ ಆಗಿರುವುದಿಲ್ಲ.

ಬೆಸುಗೆ_ಕಡ್ಡಿ
ಮೇಲಿನಿಂದ ಕೆಳಕ್ಕೆ ಎಂಬ ನಿಯಮ ಸರಿ. ಅದನ್ನೊಂದು ಗಮನಿಸಿದರೆ ಸಾಕು. ಎರಡು ಕಡೆ ಬೋಲ್ಟ್ ಇರುವ ಡಬ್ಬಿಗೆ ನನ್ನ ಆಯ್ಕೆ ಈಗಲೂ ಕ್ರಾಸ್‌ಓವರೇ.

ನಲವತ್ತು_ಮೀಟರ್
ಕೋಆಕ್ಸ್ ಬದಲು ಜೋಡಿ ತಂತಿ ಸುತ್ತಿದರೆ ಏನು ವ್ಯತ್ಯಾಸ? ತಂತಿ ಗೇಜ್ ಎಷ್ಟಿರಬೇಕು?

ತಾಮ್ರತಂತಿ
ಚೋಕ್ ಕೆಲಸಕ್ಕೆ ವ್ಯತ್ಯಾಸ ಇಲ್ಲ. ಜೋಡಿ ತಂತಿಯ ಲೈನ್ ಇಂಪಿಡೆನ್ಸ್ ಎಷ್ಟು ಎಂಬುದೇ ಪ್ರಶ್ನೆ. ಎರಡು ಎನಾಮೆಲ್ ತಂತಿ ಬಿಗಿಯಾಗಿ ಅಂಟಿಕೊಂಡಿದ್ದರೆ 50 ಓಮ್‌ನ ಹತ್ತಿರ ಅಥವಾ ಅದಕ್ಕಿಂತ ಕೆಳಗೆ ಬರುತ್ತದೆ. 1 ಮಿಮೀ ತಾಮ್ರದ ಮೇಲೆ 0.3 ಮಿಮೀ ಟೆಫ್ಲಾನ್ ಕವಚ ಇರುವ ಎರಡು ತಂತಿ ಜೋಡಿಸಿದರೆ ಸುಮಾರು 100 ಓಮ್. ಮೊದಲನೆಯದು 1:1ಕ್ಕೆ, ಎರಡನೆಯದು 50 ಓಮ್ ಅನ್ನು 200ಕ್ಕೆ ಏರಿಸುವ 4:1 ಬಾಲನ್‌ಗೆ. 100 ವಾಟ್‌ಗೆ 18 ಎಸ್‌ಡಬ್ಲ್ಯೂಜಿ, ಅಂದರೆ 1.2 ಮಿಮೀ ತಂತಿ ಧಾರಾಳ.

ಅದಲುಬದಲಾದರೆ ಏನಾಗುತ್ತದೆ ಅಂದರೆ, 70 ಸೆಂಮೀ ಉದ್ದದ 100 ಓಮ್ ಜೋಡಿಯನ್ನು 50 ಓಮ್‌ನ 1:1ಕ್ಕೆ ಹಾಕಿದರೆ 3.5ರಲ್ಲಿ ಎಸ್‌ಡಬ್ಲ್ಯೂಆರ್ 1.1, ಗೊತ್ತೇ ಆಗುವುದಿಲ್ಲ. 28ರಲ್ಲಿ ಅದೇ ಸುಮಾರು 2 ಆಗುತ್ತದೆ. ಕೋರ್ ಸರಿಯಿಲ್ಲ ಎಂದು ಕೋರ್ ಬದಲಿಸುವವರು ಇಲ್ಲಿ ಎಡವುತ್ತಾರೆ, ತಪ್ಪು ತಂತಿಯಲ್ಲಿರುತ್ತದೆ.

ನಿಮ್ಮ ಜೋಡಿಯ ಇಂಪಿಡೆನ್ಸ್ ಅಳೆಯಲು ಒಂದು ಮೀಟರ್ ತೆಗೆದುಕೊಳ್ಳಿ. ತುದಿ ಬಿಟ್ಟು ಕೆಪಾಸಿಟೆನ್ಸ್ ಅಳೆಯಿರಿ, ತುದಿ ಶಾರ್ಟ್ ಮಾಡಿ ಇಂಡಕ್ಟೆನ್ಸ್ ಅಳೆಯಿರಿ. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿ ವರ್ಗಮೂಲ ತೆಗೆಯಿರಿ. 0.4 ಮೈಕ್ರೋಹೆನ್ರಿ, 40 ಪಿಕೋಫ್ಯಾರಡ್ ಬಂದರೆ 100 ಓಮ್.

ಎನಾಮೆಲ್ ಬಗ್ಗೆ: ಪಾಲಿಯುರಿಥೇನ್ ಎನಾಮೆಲ್ ಬೆಸುಗೆಯ ಬಿಸಿಗೇ ಸುಟ್ಟುಹೋಗುತ್ತದೆ. ಮೋಟಾರ್ ವೈಂಡಿಂಗ್ ತಂತಿಯದು ಹೋಗುವುದಿಲ್ಲ, ಸುತ್ತಲೂ ಕೆರೆದು ತಾಮ್ರ ಹೊಳೆಯುವ ತನಕ ಉಜ್ಜಬೇಕು. ಬೆಸುಗೆ ಹೊರಗೆ ಗುಂಡಗೆ ಕೂತು ಒಳಗೆ ಅಂಟದೇ ಇರುವುದು ಇಲ್ಲೇ. ಪ್ರತಿ ಕೀಲಿನಲ್ಲೂ ಮೀಟರ್ ಇಟ್ಟು ನೋಡಿ.

ನಲವತ್ತು_ಮೀಟರ್
ಧನ್ಯವಾದ ಸರ್. 4:1 ಮಾತು ಬಂದಿದ್ದರಿಂದ ಕೇಳುತ್ತೇನೆ: ಗ್ವಾನೆಲ್ಲಾ 4:1ಕ್ಕೆ ಎರಡು ಕೋರ್ ಬೇಕೇ ಬೇಕಾ? ಒಂದೇ ಕೋರ್‌ನ ಎರಡು ಬದಿಗೆ ಸುತ್ತಿದ ಚಿತ್ರಗಳು ಎಲ್ಲೆಲ್ಲೂ ಕಾಣುತ್ತವೆ.

ಕಪ್ಪು_ಉಂಗುರ
ಎರಡು ಬೇಕು. ಗ್ವಾನೆಲ್ಲಾ 1944ರಲ್ಲಿ ತೋರಿಸಿದ ತತ್ವವೇ ಎರಡು ಬೇರೆ ಬೇರೆ ಲೈನ್‌ಗಳದ್ದು.

ಎರಡು 100 ಓಮ್ ಜೋಡಿ, ಪ್ರತಿಯೊಂದರಲ್ಲೂ ಒಂದು ಕೆಂಪು, ಒಂದು ಕಪ್ಪು. ಇನ್‌ಪುಟ್ ಕಡೆ ಎರಡೂ ಕೆಂಪು ಸೇರಿಸಿ ನಡುಪಿನ್‌ಗೆ, ಎರಡೂ ಕಪ್ಪು ಸೇರಿಸಿ ಹೆಣಿಗೆಗೆ. ಔಟ್‌ಪುಟ್ ಕಡೆ ಮೊದಲನೆಯ ಕಪ್ಪು ಮತ್ತು ಎರಡನೆಯ ಕೆಂಪನ್ನು ಒಂದಕ್ಕೊಂದು ಬೆಸೆಯಿರಿ. ಉಳಿದ ಮೊದಲನೆಯ ಕೆಂಪು, ಎರಡನೆಯ ಕಪ್ಪು ಆಂಟೆನಾಗೆ. ಇನ್‌ಪುಟ್ 50, ಔಟ್‌ಪುಟ್ 200.

ಈಗ ವೋಲ್ಟೇಜ್ ನೋಡಿ. ಲೋಡ್ ಭೂಮಿಗೆ ಸಮತೋಲದಲ್ಲಿದ್ದರೆ ಮೊದಲ ಲೈನ್‌ನ ಎರಡು ತುದಿಗಳ ನಡುವೆ ಕಾಮನ್ ಮೋಡ್ ವೋಲ್ಟೇಜ್ ಸೊನ್ನೆ. ಎರಡನೇ ಲೈನ್‌ನ ಮೇಲೆ ಇನ್‌ಪುಟ್‌ನ ಪೂರ್ತಿ ವೋಲ್ಟೇಜ್. ಒಂದರ ಮೇಲೆ ಏನೂ ಇಲ್ಲ, ಇನ್ನೊಂದರ ಮೇಲೆ ಎಲ್ಲ. ಒಂದೇ ಕೋರ್‌ಗೆ ಸುತ್ತಿದರೆ ಫ್ಲಕ್ಸ್ ಒಂದೇ ಆದ್ದರಿಂದ ಎರಡಕ್ಕೂ ಒಂದೇ ಪ್ರಮಾಣದ ವೋಲ್ಟೇಜ್ ಬೀಳಲೇಬೇಕು. ಎರಡನ್ನೂ ಒಂದೇ ತಿರುವಿನಲ್ಲಿ ಸುತ್ತಿದ್ದರೆ ಇನ್‌ಪುಟ್‌ಗೆ ಶಾರ್ಟ್ ಹಾಕಿದ ಹಾಗೆ. ಎದುರುಬದುರು ತಿರುವಿನಲ್ಲಿ ಸುತ್ತಿದ್ದರೆ ಭೂಮಿಯ ನಂಟಿಲ್ಲದ ಲೋಡ್‌ಗೆ ಕೆಲಸ ಮಾಡುತ್ತದೆ, ಟೇಬಲ್ ಮೇಲಿನ 200 ಓಮ್ ರೆಸಿಸ್ಟರ್‌ಗೆ ಎಸ್‌ಡಬ್ಲ್ಯೂಆರ್ ಅಂದವಾಗಿ ಕಾಣುತ್ತದೆ. ನಿಜವಾದ ಆಂಟೆನಾ ಭೂಮಿಗೆ ಎಂದೂ ಪೂರ್ತಿ ನಂಟಿಲ್ಲದೆ ಇರುವುದಿಲ್ಲ. ಅಲ್ಲಿ ಬ್ಯಾಲೆನ್ಸ್ ಕೆಡುತ್ತದೆ. ಹಾಗೆ ಸುತ್ತಿಬಿಟ್ಟಿದ್ದರೆ ಅದರ ಹಿಂದೆ ಒಂದು ಒಳ್ಳೆಯ 1:1 ಚೋಕ್ ಹಾಕಿ.

ಎರಡು ಕೋರ್‌ನ 4:1ರಲ್ಲಿ ಒಂದು ಬೆಚ್ಚಗಾಗಿ ಇನ್ನೊಂದು ತಣ್ಣಗಿದ್ದರೆ ಗಾಬರಿ ಬೇಡ, ಅದು ಇರಬೇಕಾದ ರೀತಿ.

ಪರೀಕ್ಷೆ ಹೀಗೆ: ಎರಡು 100 ಓಮ್ ಕಾರ್ಬನ್ ಅಥವಾ ಮೆಟಲ್ ಫಿಲ್ಮ್ ರೆಸಿಸ್ಟರ್ ಸರಣಿಯಲ್ಲಿ ಔಟ್‌ಪುಟ್‌ಗೆ ಹಾಕಿ ಅನಲೈಸರ್‌ನಲ್ಲಿ ಎಸ್‌ಡಬ್ಲ್ಯೂಆರ್ ನೋಡಿ. ನಂತರ ರೆಸಿಸ್ಟರ್‌ಗಳ ನಡುಬಿಂದುವನ್ನು ಗಿಡ್ಡ ತಂತಿಯಲ್ಲಿ ಇನ್‌ಪುಟ್‌ನ ಹೆಣಿಗೆಗೆ ಮುಟ್ಟಿಸಿ. ಆಮೇಲೆ ಒಂದು ತುದಿಯನ್ನು, ಆಮೇಲೆ ಇನ್ನೊಂದನ್ನು. ಯಾವುದಕ್ಕೂ ಎಸ್‌ಡಬ್ಲ್ಯೂಆರ್ ಹೆಚ್ಚು ಅಲುಗದಿದ್ದರೆ ಅದು ನಿಜವಾದ ಕರೆಂಟ್ ಬಾಲನ್. ವೈರ್‌ವೌಂಡ್ ರೆಸಿಸ್ಟರ್ ಬೇಡ, ಅದೇ ಒಂದು ಕಾಯಿಲ್.

ಹೊಸ_ಏರಿಯಲ್
ನನ್ನ 1:1 ಚೋಕ್ ಅನ್ನು ಮೇಲೇರಿಸುವ ಮೊದಲು ಟೇಬಲ್ ಮೇಲೆ ಅಳೆಯುವುದು ಹೇಗೆ? ನ್ಯಾನೋವಿಎನ್‌ಎ (ಸಣ್ಣ ನೆಟ್‌ವರ್ಕ್ ಅನಲೈಸರ್) ಇದೆ.

ಅಲೆಯುದ್ದ
ಚೋಕ್‌ನ ಒಂದು ತುದಿಯಲ್ಲಿ ನಡುತಂತಿ ಮತ್ತು ಹೆಣಿಗೆಯನ್ನು ಸೇರಿಸಿ, ಇನ್ನೊಂದು ತುದಿಯಲ್ಲೂ ಹಾಗೇ. ಈಗ ಅದು ಎರಡು ಕಾಲಿನ ಒಂದು ಬಿಡಿಭಾಗ. ಅದನ್ನು ಪೋರ್ಟ್ 1 ಮತ್ತು ಪೋರ್ಟ್ 2ರ ನಡುಪಿನ್‌ಗಳ ನಡುವೆ ಸರಣಿಯಲ್ಲಿ ಹಾಕಿ, ಪೋರ್ಟ್‌ಗಳ ಗ್ರೌಂಡ್‌ಗಳನ್ನು ಒಂದಕ್ಕೊಂದು ಸೇರಿಸಿ, ಎಸ್21 (ಪೋರ್ಟ್ 1ರಿಂದ 2ಕ್ಕೆ ದಾಟುವ ಸಿಗ್ನಲ್) ನೋಡಿ. ತಂತಿಗಳು ಗಿಡ್ಡ ಇರಲಿ, ಚೋಕ್ ಲೋಹದ ಮೇಜಿನಿಂದ ದೂರ ಇರಲಿ. ಕ್ಯಾಲಿಬ್ರೇಷನ್ ಅನ್ನು ಅದೇ ಜಿಗ್‌ನಲ್ಲಿ ಮಾಡಿ.

20 ಡಿಬಿ ಇಳಿಕೆ ಅಂದರೆ 900 ಓಮ್, 30 ಡಿಬಿ ಅಂದರೆ ಸುಮಾರು 3000, 35 ಡಿಬಿಗೆ 5500. ಈ ಲೆಕ್ಕ ರೆಸಿಸ್ಟಿವ್ ಇಂಪಿಡೆನ್ಸ್‌ಗೆ. 3.5 ಮತ್ತು 7ರಲ್ಲಿ 30ಕ್ಕಿಂತ ಹೆಚ್ಚು ಬಂದರೆ ಕಣ್ಣು ಮುಚ್ಚಿ ಮೇಲೇರಿಸಿ. ಎಸ್11ರಿಂದ (ಪೋರ್ಟ್ 1ಕ್ಕೆ ಮರಳುವ ಪ್ರತಿಫಲನ) ಅಳೆಯಬೇಡಿ. ಕಿಲೋ ಓಮ್‌ಗಳ ಮಟ್ಟದಲ್ಲಿ ಪ್ರತಿಫಲನ ಹೆಚ್ಚುಕಡಿಮೆ ಪೂರ್ತಿ ಇರುವುದರಿಂದ ಅಲ್ಲಿ ಬರುವ ಅಂಕಿ ನಂಬುವಂಥದ್ದಲ್ಲ.

ಗುರುತಿಲ್ಲದ ಕೋರ್ ಇರುವವರಿಗೆ: ಫೆರೈಟ್‌ಗೆ ಬಣ್ಣದ ಗುರುತಿಲ್ಲ, ಎಲ್ಲವೂ ಕಪ್ಪು ಬೂದು. ಇದೇ ಗಾತ್ರದ ಉಂಗುರಕ್ಕೆ 10 ಸುತ್ತು ಹಾಕಿ ಕಡಿಮೆ ಆವರ್ತನದಲ್ಲಿ ಇಂಡಕ್ಟೆನ್ಸ್ ಅಳೆದರೆ 43ಕ್ಕೆ 107 ಮೈಕ್ರೋಹೆನ್ರಿಯ ಆಸುಪಾಸು, 52ಕ್ಕೆ 33, 61ಕ್ಕೆ 17 ಬರುತ್ತದೆ. ಕಂಪ್ಯೂಟರ್ ಪವರ್ ಸಪ್ಲೈನಿಂದ ಕಿತ್ತ, ಒಂದು ಮುಖ ಬಿಳಿ ಇರುವ ಹಳದಿ ಉಂಗುರ 26 ಮಿಕ್ಸ್. ಕಬ್ಬಿಣದ ಪುಡಿ, ಬಾಲನ್‌ಗೆ ಬೇಡ.

ಬೆಸುಗೆ_ಕಡ್ಡಿ
ಡಬ್ಬಿ ವಿಚಾರ ಬಿಟ್ಟುಹೋಗಿದೆ. ಪ್ಲಾಸ್ಟಿಕ್ ಡಬ್ಬಿ, ಸ್ಟೇನ್‌ಲೆಸ್ ಬೋಲ್ಟ್, ತಳದಲ್ಲಿ 3 ಮಿಮೀ ರಂಧ್ರ. ಎಷ್ಟೇ ಮುಚ್ಚಿದರೂ ಒಳಗೆ ತೇವ ಕಟ್ಟುತ್ತದೆ, ಅದು ಹೊರಹೋಗಲು ದಾರಿ ಬೇಕು. ಡೈಪೋಲ್‌ನ ಎಳೆತವನ್ನು ಬೋಲ್ಟ್‌ಗೂ ಬೆಸುಗೆಗೂ ಬಿಡಬೇಡಿ, ಇನ್ಸುಲೇಟರ್‌ಗೆ ಕಟ್ಟಿ ಅಲ್ಲಿಂದ ಸಡಿಲ ತಂತಿಯನ್ನು ತನ್ನಿ.

ಕೇಬಲ್ ತುದಿಯ ಹೆಣಿಗೆ ಬತ್ತಿಯಂತೆ ನೀರು ಹೀರುತ್ತದೆ, ಸಿಲಿಕೋನ್‌ನಿಂದ ಮುಚ್ಚಿ. ವಿನೆಗರ್ ವಾಸನೆ ಬರುವ ಸಿಲಿಕೋನ್ ಬೇಡ, ಅದು ಒಣಗುವಾಗ ಬಿಡುವ ಆಮ್ಲ ತಾಮ್ರ ತಿನ್ನುತ್ತದೆ. ನ್ಯೂಟ್ರಲ್ ಎಂದು ಬರೆದಿರುವುದನ್ನು ತನ್ನಿ. ಡಬ್ಬಿ ತುಂಬ ಎಪಾಕ್ಸಿ ಸುರಿಯುವುದೂ ಬೇಡ. ಗಟ್ಟಿಯಾಗುವಾಗ ಕೋರ್ ಅನ್ನು ಹಿಂಡುತ್ತದೆ, ಬಿಸಿ ಹೊರಹೋಗುವುದಿಲ್ಲ, ಫೆರೈಟ್ ಬಿರುಕು ಬಿಡುತ್ತದೆ.

ಕೋರ್ ಕೂರಿಸಲು ರಂಧ್ರದ ನಡುವೆ ಲೋಹದ ಬೋಲ್ಟ್ ಹಾಕುವವರು ಎಚ್ಚರ. ಡಬ್ಬಿ ಪ್ಲಾಸ್ಟಿಕ್ ಆದರೆ ಏನೂ ಆಗದು. ಡಬ್ಬಿ ಲೋಹದ್ದಾಗಿ ಬೋಲ್ಟ್ ಎರಡು ಗೋಡೆಗೂ ಮುಟ್ಟಿದರೆ ಅದು ಕೋರ್ ಸುತ್ತ ಒಂದು ಶಾರ್ಟ್ ಆದ ಸುತ್ತಾಗುತ್ತದೆ, ಚೋಕ್ ಸತ್ತ ಹಾಗೆ. ನೈಲಾನ್ ಬೋಲ್ಟ್ ಸಾಕು.

ಹೊಸ_ಏರಿಯಲ್
ಎಫ್‌ಟಿ240-31, ಆರ್‌ಜಿ-400, 14 ಸುತ್ತು. ಎಸ್21 ಹೀಗಿದೆ: 3.6ರಲ್ಲಿ 32 ಡಿಬಿ, 7.1ರಲ್ಲಿ 33, 28ರಲ್ಲಿ 25. ಮೇಲೇರಿಸಿ ನೋಡಿದೆ, ಕೋಆಕ್ಸ್ ಹಿಡಿದರೂ ಎಸ್‌ಡಬ್ಲ್ಯೂಆರ್ ಅಲುಗುತ್ತಿಲ್ಲ. ಆದರೆ 3.5 ಡೈಪೋಲ್‌ನ ರೆಸೊನೆನ್ಸ್ ಜಾಗ ಬದಲಾಗಿದೆ, ಮೊದಲಿಗಿಂತ 40 ಕಿಲೋಹರ್ಟ್ಸ್ ಮೇಲೆ ಹೋಗಿದೆ. ಇದು ಸರಿಯೇ? 28ರಲ್ಲಿ ಇಳಿದಿರುವುದು ಯಾಕೆ?

ಅಲೆಯುದ್ದ
ಸರಿಯೇ. ಇಷ್ಟು ದಿನ ಫೀಡ್‌ಲೈನ್‌ನ ಹೊರಮೈಯೂ ಆಂಟೆನಾದ ಭಾಗವಾಗಿತ್ತು. ಅದು ಕಳಚಿಕೊಂಡ ಮೇಲೆ ಕಾಣುತ್ತಿರುವುದು ನಿಮ್ಮ ತಂತಿಯ ನಿಜವಾದ ರೆಸೊನೆನ್ಸ್. ಈಗ ಎರಡೂ ಕಾಲುಗಳನ್ನು ಸಮನಾಗಿ ಸ್ವಲ್ಪ ಉದ್ದ ಮಾಡಿ. 40 ಕಿಲೋಹರ್ಟ್ಸ್ ಅಂದರೆ 3.6ರಲ್ಲಿ ಶೇಕಡ 1.1, ಹಾಗಾಗಿ ಕಾಲಿಗೆ ಸುಮಾರು 22 ಸೆಂಮೀ. ನಂತರ 7ರದ್ದನ್ನೂ ಒಮ್ಮೆ ನೋಡಿ, ಒಂದೇ ಬಿಂದುವಿಗೆ ಕಟ್ಟಿದ ತಂತಿಗಳು ಒಂದನ್ನೊಂದು ಎಳೆಯುತ್ತವೆ.

28ರ ಇಳಿಕೆಗೆ ಸುತ್ತುಗಳ ನಡುವಿನ ಕೆಪಾಸಿಟೆನ್ಸ್ ಕಾರಣ. 14 ಸುತ್ತಿಗೆ ಅದು ಸಹಜ, ನಿಮ್ಮ ಬ್ಯಾಂಡ್‌ಗೆ ಸಂಬಂಧವಿಲ್ಲ. ಮುಂದೆ 28 ಬೇಕಾದರೆ ಸುತ್ತು ಬಿಚ್ಚಬೇಡಿ, 43ರ ಮೇಲೆ ಕಡಿಮೆ ಸುತ್ತಿನ ಇನ್ನೊಂದು ಚೋಕ್ ಮಾಡಿ ಇದಕ್ಕೆ ಸರಣಿಯಲ್ಲಿ ಸೇರಿಸಿ.

ಕಪ್ಪು_ಉಂಗುರ
ಫೀಡ್‌ಲೈನ್ ಡೈಪೋಲ್‌ಗೆ ಲಂಬವಾಗಿ ಇಳಿಯಲಿ, ಸಾಧ್ಯವಾದಷ್ಟು ದೂರ. ಒಂದು ಕಾಲಿನ ಕೆಳಗೇ ಓರೆಯಾಗಿ ಬಂದರೆ ಚೋಕ್‌ನ ಈಚೆಗೂ ಹೊರಮೈ ಮೇಲೆ ಆರ್‌ಎಫ್ ಹುಟ್ಟುತ್ತದೆ, ಫೀಡ್ ಪಾಯಿಂಟ್‌ನ ಚೋಕ್ ಅದಕ್ಕೆ ಏನೂ ಮಾಡಲಾರದು. ಅಂಥ ಜಾಗವಾದರೆ ಉಳಿದಿರುವ 43 ಕೋರ್‌ಗೆ ಆರ್‌ಜಿ-58 ಸುತ್ತಿ ರಿಗ್ ಕಡೆ ಕೋಆಕ್ಸ್ ಒಳಬರುವಲ್ಲಿ ಹಾಕಿ. 12 ಸುತ್ತು ಸಾಕು.